ಪೋಟಗಿಯ ಅರ್ಜಿ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಸಣ್ಣಪುಟ್ಟ ಮುನಿಸುಗಳ ಮಟ್ಟಿಗೆ ಇದು ಅನುಭವದ ಮಾತು. ಆದರೆ ಉಣ್ಣಲು ಅನ್ನವಿಲ್ಲದಂತೆ, ಮಲಗಲು ಮನೆಯಿಲ್ಲದಂತೆ ಮಾಡಿದ ಜಗಳಕ್ಕೆ ಈ ಗಾದೆ ಸಲ್ಲದು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹಿಂದಿರುಗಿದ ಹೆಣ್ಣುಮಗಳು ನ್ಯಾಯಾಲಯದ ಮಾತೆತ್ತಿದೊಡನೆ ಊರಿನವರು ಇನ್ನೊಂದು ಗಾದೆಯನ್ನು ತೆಗೆಯುತ್ತಾರೆ: ‘ಗೆದ್ದವ ಸೋತ, ಸೋತವ ಸತ್ತ.’ ವಕೀಲರಿಗೆ ಕೊಡುವ ಹಣ, ವಾಯಿದೆಯಿಂದ ವಾಯಿದೆಗೆ ಅಲೆದಾಟ, ತಪ್ಪಿಹೋಗುವ ದಿನಗೂಲಿ ಇವೆಲ್ಲವೂ ಆಕೆಯ ಕಣ್ಮುಂದೆ ಬರುತ್ತವೆ. ಈ ಭಯದಿಂದಲೇ ತಮಗೆ ಸಲ್ಲಬೇಕಾದುದನ್ನು ಕೇಳದೆ ಬಿಟ್ಟವರು ಎಷ್ಟು ಮಂದಿಯೋ! ಈ ಭಯದಲ್ಲಿ ಎಷ್ಟು ನಿಜ, ಎಷ್ಟು ಅಜ್ಞಾನ ಎಂಬುದನ್ನು ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ನೋಡೋಣ.

ಗೋಕಾಕ ತನ್ನ ಜಲಪಾತಕ್ಕೂ 1887ರಲ್ಲಿ ಆರಂಭವಾದ ಹತ್ತಿಯ ಗಿರಣಿಗೂ ಹೆಸರಾದ ಊರು. ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಅಣೆಕಟ್ಟು ಹುಕ್ಕೇರಿ ತಾಲೂಕಿನಲ್ಲಿದೆ. ಮೂಡಲಗಿ ಮೊದಲು ಗೋಕಾಕ ತಾಲೂಕಿಗೇ ಸೇರಿದ್ದು, ಈಚಿನ ವರ್ಷಗಳಲ್ಲಿ ಬೇರೆ ತಾಲೂಕಾಯಿತು. ಮೂರೂ ಊರುಗಳಲ್ಲಿ ನ್ಯಾಯಾಲಯಗಳಿವೆ. ಕಬ್ಬು ಕಡಿಯುವವರು, ಗಿರಣಿಯಲ್ಲಿ ದುಡಿಯುವವರು, ತುಂಡು ಹೊಲ ಉಳ್ಳವರು ಇಲ್ಲಿ ಹೆಚ್ಚು. ಮಹಾರಾಷ್ಟ್ರದ ಗಡಿ ಸಮೀಪವಾದುದರಿಂದ ಗಡಹಿಂಗ್ಲಜ, ಕೊಲ್ಹಾಪುರಗಳ ಕಡೆಯೊಡನೆ ಕೊಡು-ಕೊಳ್ಳುವ ಸಂಬಂಧಗಳು ಉಂಟು. ಹೆಣ್ಣುಗಳಂತೆ ಶಬ್ದಗಳೂ ಗಡಿಯನ್ನು ದಾಟಿ ಬಂದಿವೆ. ಕಾನೂನಿನ ಪುಸ್ತಕದಲ್ಲಿ ‘ಜೀವನಾಂಶ’ ಎಂದಿರುವುದನ್ನು ಇಲ್ಲಿಯ ಜನ ‘ಪೋಟಗಿ’ ಎನ್ನುತ್ತಾರೆ. ಹೊಟ್ಟೆ ಎಂಬರ್ಥದ ‘ಪೋಟ’ ಎಂಬ ಮರಾಠಿ ಮಾತಿನಿಂದ ಹುಟ್ಟಿದ ಶಬ್ದ ಇದು. ಜೀವನಾಂಶ ಎಂಬ ಸಂಸ್ಕೃತ ಪದಕ್ಕಿಂತ ಇದೇ ವಿಷಯವನ್ನು ನೇರವಾಗಿ ಹೇಳುತ್ತದೆ ಎಂದು ನನಗೆ ಅನ್ನಿಸುತ್ತದೆ. ಕೇಳುತ್ತಿರುವುದು ಹೊಟ್ಟೆಯ ಪಾಲನ್ನೇ ಅಲ್ಲವೆ?

ಪೋಟಗಿಯ ಕಾನೂನು ಹೊಸದಲ್ಲ. 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿಯೇ ಅದಕ್ಕೊಂದು ಕಲಮು ಇತ್ತು. 1973ರ ಸಂಹಿತೆಯಲ್ಲಿ ಅದು 125ನೆಯ ಕಲಮಾಯಿತು. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂಬ ಮಿತಿಯೊಂದು ಅದರಲ್ಲಿದ್ದು, 2001ರಲ್ಲಿ ಅದನ್ನು ತೆಗೆದುಹಾಕಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ವಿಷಯ 144ನೆಯ ಕಲಮಿನಲ್ಲಿದೆ. ಅಂಕಿ ಬದಲಾದರೂ ತಿರುಳು ಒಂದೇ. ಕೊಡುವ ಶಕ್ತಿಯುಳ್ಳವನು ತನ್ನ ಹೆಂಡತಿಯನ್ನಾಗಲಿ, ಮಕ್ಕಳನ್ನಾಗಲಿ, ತಂದೆತಾಯಿಗಳನ್ನಾಗಲಿ ಪೋಷಿಸದೆ ಕೈಬಿಟ್ಟರೆ, ಪ್ರಥಮ ದರ್ಜೆಯ ನ್ಯಾಯಿಕ ದಂಡಾಧಿಕಾರಿಗಳು ತಿಂಗಳು ತಿಂಗಳಿಗೆ ಇಂತಿಷ್ಟು ಕೊಡತಕ್ಕದ್ದೆಂದು ಆಜ್ಞೆ ಮಾಡಬಹುದು. ತನ್ನನ್ನು ತಾನು ಪೋಷಿಸಿಕೊಳ್ಳಲಾರದ, ಮರುಮದುವೆಯಾಗದ ವಿಚ್ಛೇದಿತೆಯೂ ಕೇಳಬಹುದು. ಮಗು ವಿವಾಹದೊಳಗೆ ಹುಟ್ಟಿದೆಯೋ ಹೊರಗೆ ಹುಟ್ಟಿದೆಯೋ ಎಂಬ ಭೇದವನ್ನು ಈ ಕಲಮು ಎಣಿಸುವುದಿಲ್ಲ. ಅರ್ಜಿದಾರರ ಧರ್ಮವನ್ನೂ ಅದು ಕೇಳುವುದಿಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೂ ಇದು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ ತಿಂಗಳಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು.

ಇನ್ನೊಂದು ಸಂಗತಿ ಗಡಿನಾಡಿನವರಿಗೆ ಬಹು ಮುಖ್ಯವಾದುದು. ಅರ್ಜಿಯನ್ನು ಗಂಡನ ಊರಿನಲ್ಲಿಯೇ ಹಾಕಬೇಕೆಂಬ ನಿಯಮವಿಲ್ಲ. ಗಂಡ ಕೊಲ್ಹಾಪುರದಲ್ಲಿದ್ದು ಹೆಂಡತಿ ಹುಕ್ಕೇರಿ ತಾಲೂಕಿನ ತವರಿನಲ್ಲಿದ್ದರೆ, ಆಕೆ ಹುಕ್ಕೇರಿಯಲ್ಲಿಯೇ ಅರ್ಜಿ ಹಾಕಬಹುದು. ಸಮನ್ಸು ಗಡಿ ದಾಟಿ ಹೋಗುತ್ತದೆ.

ಆದರೆ ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ಆಕೆಯ ಹಕ್ಕಿಗೆ ಧಕ್ಕೆ ತರುವ ವಸ್ತುವೊಂದು ಈ ಕಡೆ ಬಳಕೆಯಲ್ಲಿದೆ. ಅದೇ ಸೋಡಚೀಟಿ. ಊರ ದೈವದವರು ಕೂಡಿ ಗಂಡಹೆಂಡಿರನ್ನು ಬಿಡಿಸಿ ಬರೆಯಿಸುವ ಬಿಡುಗಡೆಯ ಪತ್ರ ಇದು. ಇದರ ಹಿಂದೆ ಹಳೆಯ ಸಂಪ್ರದಾಯವಿದೆ. ಅನೇಕ ಸಮುದಾಯಗಳಲ್ಲಿ ಇದು ಹೆಣ್ಣಿಗೆ ಮರುಮದುವೆಯ ದಾರಿಯನ್ನೂ ತೆರೆದಿತ್ತು. ಅದನ್ನು ಹೀಗಳೆಯಬೇಕಾಗಿಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾನೂನು ಇಲ್ಲಿಗೂ ಅನ್ವಯವಾಯಿತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾನೂನು ಬಂದುದು 1955ರಲ್ಲಿ. ರೂಢಿಯಿಂದ ಬಂದ ವಿಚ್ಛೇದನವನ್ನು ಆ ಕಾನೂನೂ ತಳ್ಳಿಹಾಕಲಿಲ್ಲ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದಿದೆ ಎಂಬುದನ್ನು, ಅದನ್ನು ಆಧರಿಸುವವನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕು. ಹಾಗಲ್ಲದೆ ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆದು ಇಬ್ಬರು ಸಾಕ್ಷಿಗಳ ರುಜು ಹಾಕಿಸಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಕಾಗದದ ಬೆಲೆ ಎಷ್ಟೇ ಇರಲಿ, ಅದಕ್ಕೆ ಆ ಶಕ್ತಿ ಬರುವುದಿಲ್ಲ. ಅದನ್ನು ನಂಬಿ ಇನ್ನೊಂದು ಮದುವೆಯಾದವರು ತೊಡಕಿನಲ್ಲಿ ಸಿಲುಕುತ್ತಾರೆ.

ಸೋಡಚೀಟಿಯಲ್ಲಿ ಸಾಮಾನ್ಯವಾಗಿ ಎರಡು ವಾಕ್ಯಗಳಿರುತ್ತವೆ: ‘ನಾವು ಪರಸ್ಪರ ಒಪ್ಪಿ ಬೇರೆಯಾಗಿದ್ದೇವೆ’ ಎಂಬುದೊಂದು, ‘ಮುಂದೆ ಪೋಟಗಿಯನ್ನು ಕೇಳುವುದಿಲ್ಲ’ ಎಂಬುದು ಇನ್ನೊಂದು. ಓದು ಬಾರದ ಹೆಣ್ಣುಮಗಳು ಹಿರಿಯರ ಮಾತಿಗೆ ಕಟ್ಟುಬಿದ್ದು ಹೆಬ್ಬೆಟ್ಟು ಒತ್ತುತ್ತಾಳೆ. ಒಮ್ಮತದಿಂದ ಬೇರೆ ವಾಸಿಸುವ ಹೆಂಡತಿಗೆ ಪೋಟಗಿ ಸಲ್ಲದು ಎಂದು ಕಲಮಿನಲ್ಲಿಯೇ ಇದೆ. ಮುಂದೊಂದು ದಿನ ಆಕೆ ಅರ್ಜಿ ಹಾಕಿದಾಗ ಗಂಡನ ಕಡೆಯವರು ಮೊದಲು ಮುಂದೊಡ್ಡುವುದು ಇದೇ ಕಾಗದವನ್ನು. ಆಕೆಯ ಪರವಾಗಿ ವಾದಿಸಲು ಆಗಲೂ ದಾರಿಗಳುಂಟು. ಆದರೆ ಸುಲಭವಾಗಿದ್ದ ಕೆಲಸ ಕಠಿಣವಾಗುತ್ತದೆ. ಆದುದರಿಂದ ವಕೀಲರ ಅಗತ್ಯ ಆಕೆಗೆ ಹೆಬ್ಬೆಟ್ಟು ಒತ್ತಿದ ಮೇಲಲ್ಲ, ಒತ್ತುವ ಮೊದಲು.

ಆ ವಕೀಲರನ್ನು ಎಲ್ಲಿಂದ ತರುವುದು? ಹಣವಿಲ್ಲದವನಿಗೆ ನ್ಯಾಯಾಲಯದ ಬಾಗಿಲು ತೆರೆದಿದ್ದರೂ ಮುಚ್ಚಿದ ಹಾಗೆಯೇ ಎಂಬ ಮಾತು ನಮ್ಮ ದೇಶದಲ್ಲಿ ಗಂಭೀರವಾಗಿ ಚರ್ಚೆಗೆ ಬಂದುದು 1970ರ ದಶಕದಲ್ಲಿ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ 1973ರಲ್ಲಿ ವರದಿಯನ್ನು ಕೊಟ್ಟಿತು. 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ‘39ಎ’ ಎಂಬ ಅನುಚ್ಛೇದ ಸೇರಿತು. ಬಡತನದ ಕಾರಣದಿಂದ ಯಾವ ನಾಗರಿಕನಿಗೂ ನ್ಯಾಯ ತಪ್ಪದಂತೆ ರಾಜ್ಯವು ಉಚಿತ ಕಾನೂನು ನೆರವನ್ನು ಒದಗಿಸಬೇಕೆಂಬುದು ಅದರ ಆಶಯ. 1979ರಲ್ಲಿ, ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಆರೋಪಿಗೆ ಉಚಿತ ನೆರವು ದೊರೆಯುವುದು ಆತನ ಹಕ್ಕೆಂದು ಸಾರಿದರು. ಸೆರೆಮನೆಯಲ್ಲಿ ಮೊದಲು ಕೇಳಿಬಂದ ಈ ವಿಚಾರ ಬಡವರ ಅಡುಗೆಮನೆಯವರೆಗೆ ಬರಲು ಇನ್ನೂ ಕೆಲವು ವರ್ಷಗಳು ಹಿಡಿದವು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರಲ್ಲಿ ಅಂಗೀಕಾರವಾಗಿ, 1995ರ ನವೆಂಬರ್ 9ರಂದು ಜಾರಿಗೆ ಬಂದಿತು.

ಈ ಅಧಿನಿಯಮದ 12ನೆಯ ಕಲಮನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಲ್ಲಿ ಓದಿ ಹೇಳಬೇಕು. ಅದರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕೆಗಳ ಕಾರ್ಮಿಕರು, ಬಂಧನದಲ್ಲಿರುವವರು ಮೊದಲಾದವರು ಉಚಿತ ನೆರವಿಗೆ ಅರ್ಹರು. ಇವರ ಆದಾಯವನ್ನು ನೋಡುವ ಪ್ರಮೇಯವೇ ಇಲ್ಲ. ಉಳಿದವರಿಗೆ ಮಾತ್ರ ಸರ್ಕಾರ ಆದಾಯದ ಮಿತಿಯನ್ನು ಗೊತ್ತುಪಡಿಸಿದೆ. ಎಂದರೆ ಗೋಕಾಕದ ಗಿರಣಿಯ ಕಾರ್ಮಿಕನಿಗೂ ಈ ನೆರವು ಉಂಟು. ಆತನ ಹೆಂಡತಿಗೂ ಉಂಟು. ತಂದೆಗೆ ನಾಲ್ಕು ಎಕರೆ ಹೊಲವಿದೆಯೆಂದು ಮಗಳಿಗೆ ವಕೀಲರನ್ನು ನಿರಾಕರಿಸುವಂತಿಲ್ಲ. ಇದು ಭಿಕ್ಷೆಯಲ್ಲ, ಹಕ್ಕು. ನಾಚಿಕೊಂಡು ಕೇಳಬೇಕಾದುದೂ ಅಲ್ಲ.

ಈ ವ್ಯವಸ್ಥೆ ರಾಜ್ಯದಿಂದ ತಾಲೂಕಿನವರೆಗೆ ಇಳಿದು ಬಂದಿದೆ. ಬೆಂಗಳೂರಿನ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರವಿದೆ. ಬೆಳಗಾವಿಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ತಾಲೂಕಿನಲ್ಲಿ ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಕಾನೂನು ಸೇವಾ ಸಮಿತಿಯಿದ್ದು, ಅದು ನ್ಯಾಯಾಲಯಕ್ಕೆ ಹೊಂದಿಕೊಂಡೇ ಕೆಲಸ ಮಾಡುತ್ತದೆ. ಮೂಡಲಗಿಯ ಹತ್ತಿರದ ಹಳ್ಳಿಯೊಂದರಿಂದ ಹೆಣ್ಣುಮಗಳೊಬ್ಬಳು ತಾಲೂಕಿನ ನ್ಯಾಯಾಲಯಕ್ಕೆ ಬಂದಳೆಂದು ಊಹಿಸಿಕೊಳ್ಳೋಣ. ಆಕೆ ಕೇಳಬೇಕಾದುದು ಇಷ್ಟೇ: ‘ಕಾನೂನು ಸೇವಾ ಸಮಿತಿಯ ಕಚೇರಿ ಎಲ್ಲಿದೆ?’ ಅಲ್ಲಿ ಕನ್ನಡದಲ್ಲಿಯೇ ಅರ್ಜಿ ಕೊಡಬಹುದು. ಬರೆಯಲು ಬಾರದಿದ್ದರೆ ಬಾಯಿಮಾತಿನಲ್ಲಿ ಹೇಳಿದುದನ್ನು ಸಿಬ್ಬಂದಿಯವರೇ ಬರೆದುಕೊಳ್ಳಬೇಕು. ಮದುವೆಯ ಲಗ್ನಪತ್ರಿಕೆ ಅಥವಾ ಛಾಯಾಚಿತ್ರ, ಪಡಿತರ ಚೀಟಿ, ಆಧಾರ್, ಮಕ್ಕಳ ಜನನಪತ್ರ, ಗಂಡನ ಹೊಲದ ಉತಾರವೋ ಸಂಬಳದ ಚೀಟಿಯೋ ದೊರೆತರೆ ಅದರ ಪ್ರತಿ, ಇವನ್ನು ಒಂದು ಚೀಲದಲ್ಲಿಟ್ಟುಕೊಂಡು ಹೋದರೆ ಎರಡನೆಯ ಸಲದ ಬಸ್ಸಿನ ಖರ್ಚು ಉಳಿಯುತ್ತದೆ. ಇವೆಲ್ಲ ಇಲ್ಲವೆಂದು ಹೋಗದೆ ಇರಬೇಕಾಗಿಲ್ಲ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿಯೂ ಸಲಹೆಯನ್ನು ಪಡೆಯಬಹುದು.

ಸಮಿತಿಯು ತನ್ನ ಪಟ್ಟಿಯಲ್ಲಿರುವ ವಕೀಲರೊಬ್ಬರನ್ನು ನೇಮಿಸುತ್ತದೆ. ಮೂರು ವರ್ಷಗಳ ಅನುಭವವಿಲ್ಲದವರನ್ನು ಸಾಮಾನ್ಯವಾಗಿ ಈ ಪಟ್ಟಿಗೆ ಸೇರಿಸುವುದಿಲ್ಲ. ಪಟ್ಟಿಯಲ್ಲಿ ತನಗೆ ವಿಶ್ವಾಸವಿರುವ ವಕೀಲರ ಹೆಸರನ್ನು ಆಕೆಯೇ ಸೂಚಿಸಬಹುದು. ಮಹಿಳಾ ವಕೀಲರು ಬೇಕೆಂದೂ ಕೇಳಬಹುದು. ಅವರ ಶುಲ್ಕವನ್ನು ಕಾನೂನು ಸೇವಾ ಸಂಸ್ಥೆಯೇ ಕೊಡುತ್ತದೆ. ಆಕೆಯಿಂದ ಅವರು ಏನನ್ನೂ ಕೇಳಕೂಡದು, ಕೊಟ್ಟರೂ ತೆಗೆದುಕೊಳ್ಳಕೂಡದು. ಕೇಳಿದರೆ ಸಮಿತಿಯ ಅಧ್ಯಕ್ಷರಿಗೆ ದೂರು ಕೊಡಬಹುದು. ಉಚಿತವಾಗಿ ಬಂದ ವಕೀಲರು ಮನಸ್ಸಿಟ್ಟು ಕೆಲಸ ಮಾಡಲಾರರು ಎಂಬ ಸಂದೇಹ ಜನರಲ್ಲಿ ಇದೆ. ಅದು ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ. ಹಣ ಪಡೆದವರಲ್ಲಿಯೂ ಅಂಥವರುಂಟು. ಮುಂದಿನ ವಾಯಿದೆ ಯಾವಾಗ, ಅಂದು ಏನು ನಡೆಯಲಿದೆ ಎಂಬುದನ್ನು ಪ್ರತಿ ಸಲವೂ ಕೇಳಿ ಬರೆದಿಟ್ಟುಕೊಳ್ಳುವ ಕಕ್ಷಿದಾರಳನ್ನು ಯಾವ ವಕೀಲರೂ ಸುಲಭವಾಗಿ ಮರೆಯುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳೋ ಮಗನೋ ಮನೆಯಲ್ಲಿದ್ದರೆ ಈ ಬರೆವಣಿಗೆ ಅವರ ಕೆಲಸ.

ತಾವೇ ವಕೀಲರನ್ನು ಗೊತ್ತುಮಾಡಿಕೊಳ್ಳುವವರು ಒಟ್ಟು ಶುಲ್ಕವೆಷ್ಟು, ಟೈಪು ಮತ್ತು ನಕಲುಗಳ ಖರ್ಚು ಅದರಲ್ಲಿ ಸೇರಿದೆಯೆ ಎಂದು ಮೊದಲೇ ಕೇಳಬೇಕು, ರಸೀದಿಯನ್ನು ಪಡೆಯಬೇಕು. ಬರುವ ಹಣದಲ್ಲಿ ಪಾಲು ಕೊಡಿ ಎಂಬ ಕರಾರನ್ನು ವಕೀಲರು ಮಾಡಿಕೊಳ್ಳುವಂತಿಲ್ಲ. ಹಿಂದೂ ವಿವಾಹ ಕಾನೂನಿನ 24ನೆಯ ಕಲಮಿನಂತೆ, ಸ್ವಂತ ಆದಾಯ ಸಾಲದ ಹೆಂಡತಿ ವಿಚ್ಛೇದನದ ವ್ಯಾಜ್ಯ ನಡೆಯುತ್ತಿರುವಾಗಲೇ ಅದರ ಖರ್ಚನ್ನು ಗಂಡನಿಂದ ಕೊಡಿಸಬೇಕೆಂದು ಕೇಳಬಹುದು.

ಮನೆಯಲ್ಲಿ ಹೊಡೆತ ಬಡಿತಗಳಿದ್ದರೆ ಪೋಟಗಿಯ ಅರ್ಜಿಯೊಂದೇ ಸಾಲದು. 2005ರ ಕೌಟುಂಬಿಕ ಹಿಂಸೆಯ ಕಾನೂನಿನ ಪ್ರಕಾರ ದಂಡಾಧಿಕಾರಿಗಳು ರಕ್ಷಣೆಯ ಆಜ್ಞೆಯನ್ನೂ, ವಾಸದ ಮನೆಯಿಂದ ಆಕೆಯನ್ನು ಹೊರಹಾಕದಂತೆ ಆಜ್ಞೆಯನ್ನೂ ಮಾಡಬಹುದು. ನಮ್ಮ ರಾಜ್ಯದ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಕಾರ್ಯಕರ್ತೆಗೆ ತಿಳಿಸಿದರೆ ಆ ಕಚೇರಿಯ ದಾರಿ ಸಿಗುತ್ತದೆ. ಓದುತ್ತಿರುವ ನಿಮ್ಮ ವಯಸ್ಸಿಗೇ ಸಂಬಂಧಿಸಿದ ಕಾನೂನೊಂದನ್ನೂ ಇಲ್ಲಿ ಹೇಳಬೇಕು. 2006ರ ಬಾಲ್ಯವಿವಾಹ ನಿಷೇಧ ಕಾನೂನಿಗೆ ಕರ್ನಾಟಕ ತಂದಿರುವ ತಿದ್ದುಪಡಿಯಂತೆ, ಆ ಬಳಿಕ ಈ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 18 ತುಂಬದ ಸಹಪಾಠಿಯ ಮದುವೆಯ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ತಿಳಿಸಬಹುದು.

ಎಲ್ಲ ವ್ಯಾಜ್ಯಗಳೂ ಕೊನೆಯವರೆಗೆ ಹೋರಾಡಬೇಕಾದುವಲ್ಲ. ಲೋಕ ಅದಾಲತ್ತಿನಲ್ಲಿ ಪೋಟಗಿಯ ಮೊತ್ತವನ್ನು ಒಪ್ಪಂದದಿಂದ ಗೊತ್ತುಮಾಡಿಕೊಂಡವರೂ, ಹಾರ ಬದಲಿಸಿಕೊಂಡು ಒಟ್ಟಿಗೆ ಮನೆಗೆ ಹೋದವರೂ ಇದ್ದಾರೆ. ಕೊನೆಯವರದೇ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಅದಾಲತ್ತಿನ ತೀರ್ಪಿಗೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಆದುದರಿಂದ ರುಜು ಮಾಡುವ ಮುನ್ನ ಪ್ರತಿಯೊಂದು ಸಾಲನ್ನೂ ಓದಿಸಿ ಕೇಳಬೇಕು. ಒಪ್ಪಂದ ಬೇಡವೆನಿಸಿದರೆ ಒಲ್ಲೆನೆನ್ನಬಹುದು. ಮೊಕದ್ದಮೆ ಇದ್ದಲ್ಲಿಗೇ ಮರಳುತ್ತದೆ.

ಗಡಿಯಾಚೆಯ ಗಂಡ ಅಲ್ಲಿಯೇ ವಿಚ್ಛೇದನದ ದಾವೆ ಹೂಡಿದರೆ ತೊಡಕು ಹೆಚ್ಚು. ಒಂದು ರಾಜ್ಯದ ನ್ಯಾಯಾಲಯದಿಂದ ಇನ್ನೊಂದು ರಾಜ್ಯದ ನ್ಯಾಯಾಲಯಕ್ಕೆ ಅಂಥ ದಾವೆಯನ್ನು ವರ್ಗಾಯಿಸುವ ಅಧಿಕಾರ ದೆಹಲಿಯ ಸರ್ವೋಚ್ಚ ನ್ಯಾಯಾಲಯದ್ದು. ಹುಕ್ಕೇರಿಯ ಹೆಣ್ಣುಮಗಳಿಗೆ ದೆಹಲಿ ಎಲ್ಲಿಯ ಮಾತು ಎನ್ನಬೇಡಿ. ಅಲ್ಲಿಯೂ ಕಾನೂನು ಸೇವಾ ಸಮಿತಿಯಿದೆ. ತಾಲೂಕಿನಲ್ಲಿ ಕೊಟ್ಟ ಅರ್ಜಿಯನ್ನು ಅಲ್ಲಿಗೆ ಕಳಿಸಿಕೊಡುತ್ತಾರೆ.

ಇನ್ನು ಆಜ್ಞೆಯಾದ ಮೇಲಿನ ಸಂಗತಿ. ಪೋಟಗಿಯು ಅರ್ಜಿ ಹಾಕಿದ ದಿನದಿಂದಲೇ ಸಲ್ಲತಕ್ಕದ್ದೆಂದೂ, ಗಂಡಹೆಂಡಿರಿಬ್ಬರೂ ತಮ್ಮ ಆಸ್ತಿ ಆದಾಯಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರಿನಲ್ಲಿ ಹೇಳಿದೆ. ಆಜ್ಞೆಯಾದರೂ ಗಂಡ ಕೊಡದೆ ಹೋಗಬಹುದು, ಹೀಗಾಗುವುದು ಅಪರೂಪವೇನಲ್ಲ. ಆಗ ಹೆಂಡತಿ ಅದೇ ನ್ಯಾಯಾಲಯದಲ್ಲಿ ವಸೂಲಿಯ ಅರ್ಜಿಯನ್ನು ಹಾಕಬೇಕು. ವಾರಂಟಿನ ಮೇಲೂ ಹಣ ಬಾರದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ಆದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಈ ಅರ್ಜಿ ಬರಬೇಕು. ಇಂದೋ ನಾಳೆಯೋ ಕೊಟ್ಟಾನು ಎಂದು ಕಾಯುತ್ತ ಕುಳಿತು, ವರ್ಷ ದಾಟಿದ ತಿಂಗಳುಗಳ ಬಾಕಿಗೆ ಈ ವಾರಂಟನ್ನು ಕಳೆದುಕೊಂಡವರಿದ್ದಾರೆ. ಗಂಡ ಕೊಟ್ಟ ತಿಂಗಳು, ಕೊಡದ ತಿಂಗಳು ಎರಡನ್ನೂ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋಗಿ, ಆರು ತಿಂಗಳಿಗೊಮ್ಮೆ ಅದನ್ನು ವಕೀಲರಿಗೆ ತೋರಿಸಿದರೆ ಸಾಕು.