ಕೌದಿಯ ಹೊಟ್ಟೆಯೊಳಗೆ ಏನಿಡಬೇಕು? ಹೊಲಿಯುವ ಮೊದಲು ತಿಳಿದಿರಲಿ

ಮನೆಯಲ್ಲೇ ಹೊಲಿಗೆ ಮಾಡಿ ನಾಲ್ಕು ಕಾಸು ಸಂಪಾದಿಸುವ ಹೆಣ್ಮಕ್ಕಳು ಕಾಸರಗೋಡಿನಿಂದ ಮಂಗಳೂರಿನವರೆಗೆ ಊರೂರಲ್ಲೂ ಇದ್ದಾರೆ. ಬಟ್ಟೆ ತುಂಡು ಜೋಡಿಸಿ ಹೊಲಿಯುವ ಕೌದಿ, ಅಂದರೆ ಕ್ವಿಲ್ಟ್, ಕಲಿಯಲು ಹೊರಟವರು ಮೇಲಿನ ಬಟ್ಟೆಯ ಬಣ್ಣಕ್ಕೆ ಎರಡು ಗಂಟೆ ಕೊಡುತ್ತಾರೆ. ಒಳಗೆ ಇಡುವ ಪದರಕ್ಕೆ ಎರಡು ನಿಮಿಷವೂ ಇಲ್ಲ. ಮೊದಲ ಒಗೆತದಲ್ಲೇ ಹತ್ತಿ ಒಂದು ಮೂಲೆಗೆ ಗಂಟು ಕಟ್ಟಿದರೆ ವಾರಗಟ್ಟಲೆಯ ಶ್ರಮ ನೀರುಪಾಲು. ಗಿರಾಕಿಯೂ ಮತ್ತೆ ಬರುವುದಿಲ್ಲ.

ಈ ಒಳಪದರಕ್ಕೆ 'ಬ್ಯಾಟಿಂಗ್' ಎನ್ನುತ್ತಾರೆ. ಕ್ರಿಕೆಟ್ಟಿನ ಬ್ಯಾಟಿಂಗ್ ಅಲ್ಲ! ಆರಿಸುವ ಮೊದಲು ಕೇಳಬೇಕಾದ್ದು ಮೂರೇ ಪ್ರಶ್ನೆ: ಹೊದೆಯುವವರು ಯಾರು, ಎಲ್ಲಿ ಹೊದೆಯುತ್ತಾರೆ, ಹೇಗೆ ಒಗೆಯುತ್ತಾರೆ?

ಹತ್ತಿಯ ಹಾಳೆ: ಬೆವರು ಹೀರುತ್ತದೆ, ಗಾಳಿ ಆಡುತ್ತದೆ. ಕರಾವಳಿಯ ಸೆಕೆಗೆ ಒಳ್ಳೆಯದು. ಆದರೆ ಒಗೆದಾಗ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಕುಗ್ಗುತ್ತದೆ. 60 ಇಂಚಿನ ಕೌದಿ ಎರಡು-ಮೂರು ಇಂಚು ಕಡಿಮೆಯಾಗಿ ಸುಕ್ಕು ಬೀಳಬಹುದು. ಮಳೆಗಾಲದಲ್ಲಿ ಬೇಗ ಒಣಗುವುದೂ ಇಲ್ಲ. ತೇವ ಉಳಿದರೆ ವಾಸನೆ ಗ್ಯಾರಂಟಿ.

ಪಾಲಿಯೆಸ್ಟರ್: ಹಗುರ, ಉಬ್ಬಿ ನಿಲ್ಲುತ್ತದೆ, ಬೇಗ ಒಣಗುತ್ತದೆ, ಕುಗ್ಗುವುದು ತೀರಾ ಕಡಿಮೆ. ಆದರೆ ಎಪ್ರಿಲ್-ಮೇ ಸೆಕೆಯಲ್ಲಿ ಮೈ ಬೇಯುತ್ತದೆ. ಬಿಸಿ ಇಸ್ತ್ರಿ ತಾಗಿದರೆ ಕರಗುತ್ತದೆ. ಕಡಿಮೆ ದರ್ಜೆಯದ್ದಾದರೆ ಬಿಳಿ ಎಳೆಗಳು ಮೇಲಿನ ಬಟ್ಟೆಯಿಂದ ಹೊರಗೆ ಇಣುಕುತ್ತವೆ. ಕಪ್ಪು ಬಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ.

ಮಿಶ್ರಣ: ಶೇ. 80 ಹತ್ತಿ, ಶೇ. 20 ಪಾಲಿಯೆಸ್ಟರ್ ಇರುವ ಹಾಳೆ ಎರಡರ ನಡುವಿನ ದಾರಿ. ಗಲ್ಫಿನ ಎಸಿ ರೂಮಿಗೆ ಕಳಿಸುವ ತೆಳು ಕೌದಿಗೆ ಇದು ಸಾಕು.

ಬೂರುಗದ ಹತ್ತಿ: ದಿಂಬು, ಹಾಸಿಗೆಗೆ ಓಕೆ. ಎಳೆ ನುಣುಪಾದ್ದರಿಂದ ಒಂದಕ್ಕೊಂದು ಹಿಡಿದು ನಿಲ್ಲುವುದಿಲ್ಲ. ಆಗಾಗ ಒಗೆಯುವ ಕೌದಿಗೆ ಬೇಡ.

ಹಳೆ ಬಟ್ಟೆ: ಉತ್ತರ ಕನ್ನಡದ ಸಿದ್ದಿ ಹೆಣ್ಮಕ್ಕಳ ಕೌದಿಗೆ ಅಂಗಡಿಯ ಬ್ಯಾಟಿಂಗ್ ಬೇಕಿಲ್ಲ. ಹಳೆಯ ಬಟ್ಟೆಗಳನ್ನೇ ಪದರ ಪದರವಾಗಿಟ್ಟು ಅಂಚಿನಿಂದ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ಉಮ್ಮನ ಹಳೆ ಕಾಟನ್ ಸೀರೆಯೋ ಲುಂಗಿಯೋ ಮನೆಯಲ್ಲಿದ್ದರೆ ಸೆಕೆಗಾಲದ ಹೊದಿಕೆಗೆ ಅದಕ್ಕಿಂತ ಅಗ್ಗದ ಒಳಪದರ ಇಲ್ಲ.

ಹೆಚ್ಚಿನವರು ಎಡವುವುದು ಹೊಲಿಗೆಯ ಅಂತರದಲ್ಲಿ. ಬಿಡಿ ಹತ್ತಿ ಹರಡಿದ್ದರೆ ಸುಮಾರು 2 ಇಂಚಿಗೊಂದು ಸಾಲು ಹೊಲಿಗೆ ಬೇಕು. ರೆಡಿಮೇಡ್ ಹಾಳೆಯಾದರೆ ಎಷ್ಟು ಇಂಚಿಗೊಂದು ಹೊಲಿಗೆ ಎಂದು ಪ್ಯಾಕೆಟಿನ ಮೇಲೆಯೇ ಬರೆದಿರುತ್ತಾರೆ. ಕೆಲವಕ್ಕೆ 4 ಇಂಚು, ಕೆಲವಕ್ಕೆ 8-10 ಇಂಚು. ಅದನ್ನು ಮೀರಿ ಖಾಲಿ ಬಿಟ್ಟರೆ ಎಷ್ಟು ದುಬಾರಿ ಹಾಳೆಯೂ ಒಳಗೆ ಜರುಗುತ್ತದೆ.

ಸಂಶಯ ಇದ್ದರೆ ಸುಲಭದ ಪರೀಕ್ಷೆ ಇದೆ. ಅದೇ ಬಟ್ಟೆ, ಅದೇ ಒಳಪದರದಲ್ಲಿ 10 ಇಂಚಿನ ಚೌಕ ಹೊಲಿದು, ಒಗೆದು, ಒಣಗಿಸಿ ಅಳೆಯಿರಿ. ಕುಗ್ಗಿದ್ದು, ಬಣ್ಣ ಬಿಟ್ಟದ್ದು, ಗಂಟು ಕಟ್ಟಿದ್ದು ಎಲ್ಲವೂ ಅಲ್ಲೇ ಗೊತ್ತಾಗುತ್ತದೆ.

ಹುಟ್ಟಿದ ಮಗುವಿಗೆ ಉಡುಗೊರೆ ಕೊಡುವವರು ಒಂದು ಮಾತು ನೆನಪಿಡಬೇಕು. ಒಂದು ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಕೌದಿ, ದಿಂಬು ಇಡಬಾರದು. ಮುಖ ಮುಚ್ಚಿ ಉಸಿರು ಕಟ್ಟುವ ಅಪಾಯವಿದೆ. ಮಗು ಎಚ್ಚರ ಇರುವಾಗ, ದೊಡ್ಡವರು ಹತ್ತಿರ ಕೂತಿರುವಾಗ ನೆಲಕ್ಕೆ ಹಾಸಿ ಆಡಿಸಲು ತೆಳು ಹತ್ತಿಯ ಕೌದಿ ಚೆನ್ನ. ಆ ಮಾತನ್ನು ಉಡುಗೊರೆಯ ಜೊತೆಗೇ ಹೇಳಿ ಕೊಟ್ಟರೆ ಇನ್ನೂ ಒಳ್ಳೆಯದು.