ವರ್ಷಕ್ಕೆ ಒಂದು ಡಾಲರ್ ಬಾಡಿಗೆ

ಮಕ್ಕಳೇ, ಒಂದು ದೊಡ್ಡ ಶಾಲಾ ಕಟ್ಟಡವನ್ನು ವರ್ಷಕ್ಕೆ ಒಂದೇ ಒಂದು ಡಾಲರಿಗೆ ಬಾಡಿಗೆ ಕೊಟ್ಟರು ಎಂದರೆ ನಂಬುತ್ತೀರಾ? ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದು ನಿವೃತ್ತನಾದ ನಾನೂ ಇಂಥ ಲೆಕ್ಕವನ್ನು ಬೇರೆಲ್ಲೂ ಕಂಡಿಲ್ಲ. ಆದರೆ ಅಮೆರಿಕದ ಸಿಯಾಟಲ್ ನಗರದಲ್ಲಿ ಇದು ನಡೆದದ್ದು ನಿಜ. ಆ ಒಂದು ಡಾಲರಿನ ಹಿಂದೆ ಮೂರು ತಿಂಗಳ ಚಳಿಯ ಕಥೆಯಿದೆ.

ಆ ಕಟ್ಟಡದಲ್ಲಿರುವ ಸಂಸ್ಥೆಯ ಹೆಸರು ‘ಎಲ್ ಸೆಂತ್ರೊ ದೆ ಲಾ ರಾಸಾ’. ಸ್ಪ್ಯಾನಿಷ್ ಭಾಷೆಯ ಈ ಹೆಸರನ್ನು ಅವರು ‘ಎಲ್ಲ ಜನಾಂಗದವರ ಕೇಂದ್ರ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಅದನ್ನು ಕಟ್ಟಿದವರು ಲ್ಯಾಟಿನೊ ಜನ. ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕದ ದೇಶಗಳು, ಕ್ಯೂಬಾದಂಥ ದ್ವೀಪಗಳು – ಇಲ್ಲಿ ಬೇರುಳ್ಳವರನ್ನು ಹಾಗೆ ಕರೆಯುತ್ತಾರೆ. ಹೆಚ್ಚಿನವರ ಮನೆಮಾತು ಸ್ಪ್ಯಾನಿಷ್. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಲ್ಲಿ ದುಡಿಯಲು ಬಂದು ಅಲ್ಲೇ ನೆಲೆಸಿದ ಕುಟುಂಬಗಳು ಬಹಳ.

1972ರಲ್ಲಿ ಅಲ್ಲಿನ ಕಾಲೇಜೊಂದರಲ್ಲಿ ಇವರಿಗಾಗಿ ಇಂಗ್ಲಿಷ್ ತರಗತಿ ನಡೆಯುತ್ತಿತ್ತು. ಅದಕ್ಕೆ ಬರುತ್ತಿದ್ದ ಹಣ ನಿಂತುಹೋಯಿತು. ಇಂಗ್ಲಿಷ್ ಬಾರದವರು ಕೆಲಸ ಕೇಳುವುದು ಹೇಗೆ? ಡಾಕ್ಟರಿಗೆ ಕಾಯಿಲೆ ಹೇಳುವುದು ಹೇಗೆ? ಅದೇ ಹೊತ್ತಿಗೆ ಬೀಕನ್ ಹಿಲ್ ಎಂಬ ಗುಡ್ಡದ ಮೇಲೆ, 1904ರಲ್ಲಿ ಕಟ್ಟಿದ ಶಾಲೆಯೊಂದು ಬೀಗ ಹಾಕಿಕೊಂಡು ಖಾಲಿ ನಿಂತಿತ್ತು.

ಅಕ್ಟೋಬರ್ 11ರಂದು ‘ಕಟ್ಟಡ ನೋಡಬೇಕು’ ಎಂದು ಹೇಳಿ ಕೆಲವರು ಬಾಗಿಲು ತೆಗೆಸಿದರು. ತೆರೆದದ್ದೇ ತಡ, ಹೊರಗೆ ಕಾದಿದ್ದ ವಿದ್ಯಾರ್ಥಿಗಳು, ಮೇಷ್ಟರುಗಳು, ಸಂಸಾರವಂದಿಗರು ಎಲ್ಲ ಒಳಗೆ ಬಂದರು. ಮತ್ತೆ ಜಾಗ ಬಿಟ್ಟು ಕದಲಲಿಲ್ಲ!

‘ಬೇರೆಯವರ ಕಟ್ಟಡಕ್ಕೆ ಹೀಗೆ ಹೊಗಬಹುದೇ?’ ಎಂದು ಅಜ್ಜಂದಿರು ಕೇಳಿಯಾರು. ಸರಿಯಾದ ಪ್ರಶ್ನೆಯೇ. ಅವರು ಒಳಗೆ ಕೂತು ಸುಮ್ಮನಿರಲಿಲ್ಲ. ನಗರಸಭೆಯ ಜತೆ, ಶಾಲಾ ಆಡಳಿತದ ಜತೆ ಮಾತುಕತೆ ನಡೆಸುತ್ತಲೇ ಇದ್ದರು. ಮುಂದಾಳು ರಾಬರ್ಟೊ ಮಯೆಸ್ತಾಸ್ ಹೈಸ್ಕೂಲ್ ಮೇಷ್ಟರು. ಹಿಂದೆ ಊರೂರು ಅಲೆದು ಹೊಲಗಳಲ್ಲಿ ಕೂಲಿ ಮಾಡಿದ್ದವರು. ಚಳಿಗಾಲ ಬಂತು. ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ. ಆದರೂ ಅವರು ಒಂಟಿಯಾಗಲಿಲ್ಲ. ಕಪ್ಪು ಜನರ ನಾಯಕ ಲ್ಯಾರಿ ಗಾಸೆಟ್, ಮೂಲನಿವಾಸಿಗಳ ನಾಯಕ ಬರ್ನಿ ವೈಟ್‌ಬೇರ್, ಫಿಲಿಪೀನ್ಸ್ ಮೂಲದ ಬಾಬ್ ಸ್ಯಾಂಟೋಸ್ ಬೆಂಬಲಕ್ಕಿದ್ದರು. ಈ ನಾಲ್ವರ ಗೆಳೆತನ ಸಿಯಾಟಲ್‌ನಲ್ಲಿ ಇಂದಿಗೂ ಮನೆಮಾತು.

ಮೂರು ತಿಂಗಳ ಬಳಿಕ, 1973ರ ಆರಂಭದಲ್ಲಿ, ವರ್ಷಕ್ಕೆ ಒಂದು ಡಾಲರ್ ಬಾಡಿಗೆಯ ಕರಾರಾಯಿತು. ಮುಂದೆ ಸಂಸ್ಥೆಯೇ ಆ ಕಟ್ಟಡವನ್ನು ಕೊಂಡುಕೊಂಡಿತು.

ಕೇಳಿದ್ದು ಇಂಗ್ಲಿಷ್ ಕಲಿಯಲು ಒಂದು ಕೋಣೆ. ಆದದ್ದು ಇಡೀ ಕುಟುಂಬಕ್ಕೊಂದು ಆಸರೆ. ಅಲ್ಲಿ ಹಿರಿಯರಿಗೆ ಬಿಸಿ ಊಟವಿದೆ. ಕೈಯಲ್ಲಿ ಕಾಸಿಲ್ಲದವರಿಗೆ ದಿನಸಿ ಕೊಡುವ ಆಹಾರ ಬ್ಯಾಂಕ್ ಇದೆ. (ನಾನು ದುಡಿದ ಬ್ಯಾಂಕಿನಲ್ಲಿ ಮೊದಲು ಹಣ ಕಟ್ಟಬೇಕಿತ್ತು, ಈ ಬ್ಯಾಂಕಿನಲ್ಲಿ ಹಸಿವೇ ಪಾಸ್‌ಬುಕ್ಕು!) ಹದಿಹರೆಯದವರಿಗೆ ಓದಿನ ನೆರವು, ಚಿಕ್ಕವರಿಗೆ ಶಿಶುವಿಹಾರವೂ ಇವೆ. ಹಳೆಯ ಕಾರ್ ನಿಲ್ದಾಣದ ಜಾಗದಲ್ಲಿ, ಕಡಿಮೆ ಆದಾಯದವರಿಗಾಗಿ ಕಟ್ಟಿದ 112 ಮನೆಗಳು 2016ರಲ್ಲಿ ಸಿದ್ಧವಾದವು. ಆ ವಠಾರಕ್ಕೆ 2010ರಲ್ಲಿ ತೀರಿಕೊಂಡ ಮಯೆಸ್ತಾಸ್ ಮೇಷ್ಟರ ಹೆಸರೇ ಇಟ್ಟಿದ್ದಾರೆ.

ಶಿಶುವಿಹಾರಕ್ಕೆ ಕ್ಯೂಬಾದ ಕವಿ ಹೊಸೆ ಮಾರ್ತಿಯ ಹೆಸರು. ಆತ 1889ರಲ್ಲಿ ನ್ಯೂಯಾರ್ಕಿನಲ್ಲಿದ್ದುಕೊಂಡು ಸ್ಪ್ಯಾನಿಷ್‌ನಲ್ಲಿ ಮಕ್ಕಳಿಗಾಗಿ ‘ಬಂಗಾರದ ವಯಸ್ಸು’ ಎಂಬರ್ಥದ ಪತ್ರಿಕೆ ಹೊರಡಿಸಿದ. ಬಂದದ್ದು ನಾಲ್ಕೇ ಸಂಚಿಕೆ. ಮಕ್ಕಳು ಅದನ್ನು ಇಂದಿಗೂ ಓದುತ್ತಾರೆ. ಆತನ ಹೆಸರಿನ ಶಿಶುವಿಹಾರದಲ್ಲಿ ಪುಟಾಣಿಗಳು ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಆಡುತ್ತ ಕಲಿಯುತ್ತಾರೆ. ಬೀದಿಗೆ ಇಂಗ್ಲಿಷ್ ಬೇಕು. ಅಜ್ಜಿಯ ಕಥೆ ಕೇಳಲು ಸ್ಪ್ಯಾನಿಷ್ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟರೆ ಮನೆಯೊಳಗೇ ಮಾತು ನಿಂತುಹೋಗುತ್ತದೆ.

ಸಿಯಾಟಲ್‌ನಲ್ಲಿ ಈಗ ಕನ್ನಡದ ಕುಟುಂಬಗಳೂ ಇವೆ. ಮೊಮ್ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಅಜ್ಜ-ಅಜ್ಜಿಯರೇ, ಬೀಕನ್ ಹಿಲ್ ರೈಲು ನಿಲ್ದಾಣದಲ್ಲಿ ಇಳಿದರೆ ಆ ಹಳೆಯ ಶಾಲೆ ಪಕ್ಕದಲ್ಲೇ ಸಿಗುತ್ತದೆ. ಮೊಮ್ಮಕ್ಕಳ ಕೈ ಹಿಡಿದು ಒಮ್ಮೆ ಹೋಗಿಬನ್ನಿ. ಒಂದು ಡಾಲರಿನ ಕಥೆಯನ್ನು ಅವರಿಗೆ ಕನ್ನಡದಲ್ಲೇ ಹೇಳಿ.