ಖಾಲಿ ಹುದ್ದೆಯ ನಿಜವಾದ ಲೆಕ್ಕ

ಬೊಕ್ಕಸಕ್ಕೆ ಮುಗ್ಗಟ್ಟು ಒದಗಿದಾಗ ಆಡಳಿತಗಾರರಿಗೆ ಮೊದಲು ತೋಚುವ ಉಪಾಯವೆಂದರೆ ನೇಮಕಾತಿಯನ್ನು ತಡೆಹಿಡಿಯುವುದು. ಇದರಿಂದ ಕಾಯಂ ನೌಕರರಾರೂ ಕೆಲಸ ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಹೆಚ್ಚಿನ ಗದ್ದಲವೂ ಏಳುವುದಿಲ್ಲ. ನಿವೃತ್ತರಾದವರ, ರಾಜೀನಾಮೆ ಇತ್ತವರ ಸ್ಥಾನಗಳು ತುಂಬದೆ ಉಳಿಯುತ್ತವೆ. ಸಂಬಳದ ಬಾಬಿನಲ್ಲಿ ಉಳಿತಾಯ ಕಾಣುತ್ತದೆ. ಆದರೆ ಜಮಾ-ಖರ್ಚಿನ ಪುಸ್ತಕಗಳ ನಡುವೆ ಕಾಲ ಕಳೆಯುವ ನನ್ನಂಥವನಿಗೆ ಇಲ್ಲಿ ಒಂದು ಸಂದೇಹವುಂಟು. ಆ ಖರ್ಚು ನಿಜವಾಗಿಯೂ ಇಲ್ಲವಾಯಿತೇ, ಅಥವಾ ಬೇರೊಬ್ಬರ ಖಾತೆಗೆ ವರ್ಗವಾಯಿತೇ?

ಈ ಪ್ರಶ್ನೆಗೆ ಐರ್ಲೆಂಡ್ ದೇಶದ ಅನುಭವ ಒಳ್ಳೆಯ ಉತ್ತರ ನೀಡುತ್ತದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯನ್ನು 2005ರಿಂದ ‘ಹೆಲ್ತ್ ಸರ್ವಿಸ್ ಎಕ್ಸಿಕ್ಯುಟಿವ್’ ಎಂಬ ಸಂಸ್ಥೆ ನಡೆಸುತ್ತಿದೆ. 2009ರ ಮಾರ್ಚ್ ತಿಂಗಳಲ್ಲಿ, ಆರ್ಥಿಕ ಕುಸಿತದ ನಡುವೆ, ಸರ್ಕಾರವು ಸಾರ್ವಜನಿಕ ಸೇವೆಗಳಲ್ಲಿ ನೇಮಕಾತಿಗೆ ತಡೆ ಹಾಕಿತು. ಆಗ ಭೌತಚಿಕಿತ್ಸಕರು, ವಾಕ್‌ಚಿಕಿತ್ಸಕರು ಮೊದಲಾದವರಿಗೆ ವಿನಾಯಿತಿ ಇತ್ತು. 2023ರ ಕೊನೆಯಲ್ಲಿ ಮತ್ತೊಮ್ಮೆ ತಡೆ ಬಂತು. ಈ ಸಲ ದೇಶದ ಬೊಕ್ಕಸದಲ್ಲಿ ಮಿಗತೆಯೇ ಇತ್ತು. ಆದರೆ ಆರೋಗ್ಯ ಸಂಸ್ಥೆ ತನಗೆ ಗೊತ್ತುಪಡಿಸಿದ ಹಣದ ಮಿತಿಯನ್ನು ಮೀರಿತ್ತು. ತಜ್ಞ ವೈದ್ಯರು, ತರಬೇತಿಯಲ್ಲಿರುವ ವೈದ್ಯರು, ಆ ವರ್ಷ ತೇರ್ಗಡೆಯಾದ ದಾದಿಯರು ಮುಂತಾದ ಕೆಲವರಿಗಷ್ಟೇ ವಿನಾಯಿತಿ ದೊರೆಯಿತು. 2024ರ ಜುಲೈಯಲ್ಲಿ ತಡೆ ತೆರವಾಯಿತಾದರೂ ಹೊಸ ಲೆಕ್ಕವನ್ನು 2023ರ ಡಿಸೆಂಬರ್ 31ರಂದು ಇದ್ದ ಸಿಬ್ಬಂದಿಯ ಸಂಖ್ಯೆಯ ಮೇಲೆ ಕಟ್ಟಲಾಯಿತು. ಅಂದು ಖಾಲಿಯಿದ್ದ ಅನೇಕ ಹುದ್ದೆಗಳು ಹೀಗೆ ಪುಸ್ತಕದಿಂದಲೇ ಮರೆಯಾದವು. ನೌಕರರ ಸಂಘಗಳು ಪ್ರತಿಭಟಿಸಿದ್ದು ಸಹಜವೇ ಆಗಿತ್ತು.

ಇಂಥ ತಡೆಗೆ ವಿವೇಚನೆಯಿಲ್ಲ. ಎಲ್ಲಿ ಅಗತ್ಯ ಕಡಿಮೆಯೋ ಅಲ್ಲಿ ಅದು ಬೀಳುವುದಿಲ್ಲ. ಯಾರು ಬಿಟ್ಟುಹೋದರೋ ಅಲ್ಲಿ ಬೀಳುತ್ತದೆ. ನೂರು ದಾದಿಯರಿರುವ ಆಸ್ಪತ್ರೆಯಲ್ಲಿ ಒಬ್ಬರು ಹೋದರೆ ಉಳಿದವರು ಹೇಗೋ ಹೊರೆ ಹೊರುತ್ತಾರೆ. ಒಬ್ಬರೇ ವಾಕ್‌ಚಿಕಿತ್ಸಕಿ ಇರುವ ಚಿಕ್ಕ ಕೇಂದ್ರದಲ್ಲಿ ಆಕೆ ಹೆರಿಗೆ ರಜೆಗೆ ತೆರಳಿದರೆ ಸೇವೆಯೇ ನಿಂತುಹೋಗುತ್ತದೆ.

ಕಾಯುವವರ ಸ್ಥಿತಿಯೇನು? ಮಗುವಿನ ಶ್ರವಣದೋಷವನ್ನು 3 ತಿಂಗಳೊಳಗೆ ಗುರುತಿಸಿ, 6 ತಿಂಗಳೊಳಗೆ ಚಿಕಿತ್ಸೆ ಆರಂಭಿಸಬೇಕೆಂಬುದು ತಜ್ಞರು ಒಪ್ಪಿರುವ ಅವಧಿ. ಭಾಷೆ ಬೇರೂರುವ ಆ ಕಾಲ ಕಳೆದುಹೋದರೆ ಪೂರ್ಣವಾಗಿ ಮರಳಿ ಬಾರದು. ಪಾರ್ಶ್ವವಾಯು ಪೀಡಿತರಿಗೂ ಮೊದಲ ಕೆಲವು ತಿಂಗಳ ಅಂಗಸಾಧನೆಯೇ ಅತ್ಯಂತ ಫಲಕಾರಿ. ಅವರ ನುಂಗುವ ಶಕ್ತಿಯನ್ನು ಪರೀಕ್ಷಿಸುವವರಿಲ್ಲದಿದ್ದರೆ ಅನ್ನಾಹಾರ ಶ್ವಾಸನಾಳಕ್ಕೆ ಸೇರಿ ನ್ಯುಮೋನಿಯ ತಗಲುವ ಭಯವುಂಟು.

ಐರ್ಲೆಂಡಿನಲ್ಲಿ 2005ರಲ್ಲಿ ಆದ ಅಂಗವಿಕಲರ ಕಾಯಿದೆಯು, ಅರ್ಜಿ ಬಂದ 3 ತಿಂಗಳೊಳಗೆ ಮಗುವಿನ ಅಗತ್ಯಗಳ ಪರೀಕ್ಷೆ ಆರಂಭವಾಗಿ ಮುಂದಿನ 3 ತಿಂಗಳೊಳಗೆ ಮುಗಿಯಬೇಕೆಂದು ವಿಧಿಸಿತು. ಆದರೆ ಪರೀಕ್ಷೆಯ ನಂತರದ ಚಿಕಿತ್ಸೆಗೆ ಅಂಥ ಗಡುವನ್ನು ವಿಧಿಸಲಿಲ್ಲ. ಫಲವಾಗಿ, ಇದ್ದ ಕೆಲವೇ ಚಿಕಿತ್ಸಕರ ವೇಳೆ ವರದಿ ಬರೆಯುವುದಕ್ಕೆ ವ್ಯಯವಾಗಿ ಚಿಕಿತ್ಸೆ ಹಿಂದೆ ಬೀಳುತ್ತದೆಂಬ ದೂರು ಕೇಳಿಬಂತು. ಹುಂಡಿಯನ್ನು ಒಪ್ಪಿಕೊಂಡು ಹಣ ಕೊಡದೆ ಇರುವುದಕ್ಕೆ ಇದು ಸಮಾನ.

ನಮ್ಮ ದೇಶದಲ್ಲಿಯೂ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಮಕ್ಕಳ ದೋಷಗಳನ್ನು ಬೇಗ ಗುರುತಿಸಿ ಚಿಕಿತ್ಸೆ ನೀಡಲು ಜಿಲ್ಲಾ ಕೇಂದ್ರಗಳ ಯೋಜನೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ವಿದ್ಯೆಯಲ್ಲಿ ತಜ್ಞರನ್ನು ತಯಾರಿಸುತ್ತಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಕಲಿತು ಬಂದವರಿಗೆ ಹುದ್ದೆ ಇರಬೇಕು. ಹುದ್ದೆ ಇದ್ದಲ್ಲಿ ನೇಮಕವೂ ಆಗಬೇಕು. ಮಗುವಿನ ಮಾತು ತಡವಾದರೆ ‘ತಾನಾಗಿ ಬಂದೀತು’ ಎಂದು ತಂದೆತಾಯಿಗಳು ಸುಮ್ಮನಿರದೆ ಕೂಡಲೆ ಶ್ರವಣ ಪರೀಕ್ಷೆ ಮಾಡಿಸುವುದು ಹಿತ.

ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಎದುರಿಗೆ ಬಾಧ್ಯತೆಯನ್ನೂ ತೋರಿಸಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹುದ್ದೆಯನ್ನು ಹೊಡೆದುಹಾಕಿದರೆ ಸಂಬಳ ಉಳಿಯುತ್ತದೆ, ನಿಜ. ಮಗುವಿನ ಅಗತ್ಯ ಮಾತ್ರ ಹಾಗೆಯೇ ಉಳಿದು, ಬಡ್ಡಿ ಸಹಿತ ಬೆಳೆದು, ಆ ಮನೆಯವರ ಖಾತೆಗೆ ಬೀಳುತ್ತದೆ. ಆ ಬಾಧ್ಯತೆಯನ್ನು ಬಿಟ್ಟು ಬರೆದ ಲೆಕ್ಕವನ್ನು ಉಳಿತಾಯವೆಂದು ಕರೆಯುವುದು ಸರಿಯಲ್ಲ.